ಪಾಸ್ಟರ್‌ಗಳೇ, ನಿಮ್ಮ ಸ್ವಂತ ಗುರಿ ಯಾವುದು? ಬರೆದುಕೊಳ್ಳಲು ಒಂದು ಮಾರ್ಗದರ್ಶಿ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಹೆಚ್ಚಿನ ಸಭೆಗಳಿಗೆ ವರ್ಷದ ವಾಗ್ದಾನ ವಾಕ್ಯ, ಅಂದರೆ ಆ ವರ್ಷಕ್ಕೆಂದು ಆರಿಸಿದ ಬೈಬಲ್ ವಚನ, ಸಿಕ್ಕಿರುತ್ತದೆ. ಪಾಸ್ಟರ್ ತಲೆಯಲ್ಲಿ ಒಂದು ಪಟ್ಟಿಯೂ ತಯಾರಾಗಿರುತ್ತದೆ. ಚರ್ಚಿನ ಹಿಂಭಾಗಕ್ಕೆ ಶೀಟ್ ಹಾಕಿಸಬೇಕು. ಹೊಸ ಮೈಕ್ ಸೆಟ್ ತರಬೇಕು. ಪಕ್ಕದ ಹಳ್ಳಿಯಲ್ಲಿ ಮನೆಕೂಟ ಶುರು ಮಾಡಬೇಕು. ಯೂತ್ ಮೀಟಿಂಗಿಗೆ ಹುಡುಗರನ್ನು ಹಿಡಿದು ತರಬೇಕು. ಎಲ್ಲಾ ಒಳ್ಳೆಯದೇ. ಆದರೆ ಇಷ್ಟು ಉದ್ದದ ಪಟ್ಟಿಯಲ್ಲಿ ಪಾಸ್ಟರ್ ಎಂಬ ಮನುಷ್ಯನ ಹೆಸರು ಎಲ್ಲೂ ಇರುವುದಿಲ್ಲ.

ನಾನು ಪಾಸ್ಟರ್ ಅಲ್ಲ. ಕೋಲಾರ ಜಿಲ್ಲೆಯಲ್ಲಿ ಸೇವೆ ಮಾಡುವ ಒಬ್ಬ ಪಾಸ್ಟರ್ ಹೆಂಡತಿ. ಸಭೆಯವರು ಪಾಸ್ಟರಮ್ಮ ಅಂತಾರೆ. ಪುಲ್ಪಿಟ್ (ಪ್ರಸಂಗ ಮಾಡುವ ಪೀಠ) ಮುಂದೆ ಕೂತವರಿಗೆ ಕಾಣದ ಎಷ್ಟೋ ವಿಷಯ ಅಡುಗೆಮನೆಯಿಂದ ಚೆನ್ನಾಗಿ ಕಾಣುತ್ತವೆ. ಮನೆಯವರ ಸ್ನೇಹಿತರು, ಅವರ ಹೆಂಡತಿಯರು ಬಂದಾಗ ಇದನ್ನೇ ಮಾತಾಡುತ್ತಿರುತ್ತೇವೆ. ಆ ಮಾತುಗಳನ್ನು ಮಾಡಿ ನೋಡುವ ಹಾಗೆ ಇಲ್ಲಿ ಬರೆದಿದ್ದೇನೆ.

ಎರಡು ಪಟ್ಟಿ ಬೇರೆ ಮಾಡಿ

ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಗಡೆ ಸಭೆಯ ಗುರಿ, ಬಲಗಡೆ ನಿಮ್ಮ ಗುರಿ. ಯಾವುದು ಯಾವ ಕಡೆ ಅಂತ ಗೊತ್ತಾಗದಿದ್ದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ನಾಳೆ ಬೆಳಿಗ್ಗೆ ಟ್ರಾನ್ಸ್‌ಫರ್ ಆರ್ಡರ್ ಬಂದರೆ ಇದು ನನ್ನ ಜೊತೆ ಲಾರಿ ಹತ್ತುತ್ತಾ? ಶೀಟ್ ಹತ್ತುವುದಿಲ್ಲ, ಮೈಕ್ ಸೆಟ್ ಹತ್ತುವುದಿಲ್ಲ. ನಿಮ್ಮ ಬೆಳಗಿನ ಪ್ರಾರ್ಥನೆ ಹತ್ತುತ್ತೆ. ಹತೋಟಿಗೆ ಬಂದ ಶುಗರ್ ಹತ್ತುತ್ತೆ. ಮಗಳ ಜೊತೆ ಬೆಳೆಸಿಕೊಂಡ ಮಾತುಕತೆ ಹತ್ತುತ್ತೆ.

ಸಿಎಸ್‌ಐ (ದಕ್ಷಿಣ ಭಾರತ ಸಭೆ), ಮೆಥೋಡಿಸ್ಟ್ ಸಭೆಗಳವರಿಗೆ ಟ್ರಾನ್ಸ್‌ಫರ್ ಇದ್ದದ್ದೇ. ಹಾಗಾಗಿ ಅವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಬಾಡಿಗೆ ಹಾಲಿನಲ್ಲಿ ಶುರು ಮಾಡಿ ಸ್ವಂತವಾಗಿ ಸಭೆ ಕಟ್ಟಿದವರಿಗೆ ಇದು ಕಷ್ಟ. ಅವರಿಗೆ ಸಭೆ ಯಾವುದು ತಾವು ಯಾವುದು ಅನ್ನೋದೇ ಮರೆತುಹೋಗಿರುತ್ತದೆ. ಅಂಥವರು ಬೇರೆ ರೀತಿ ಕೇಳಿಕೊಳ್ಳಬಹುದು: ಮುಂದೊಂದು ದಿನ ಬೇರೆಯವರು ಈ ಸಭೆ ನಡೆಸುವಾಗ ನನ್ನ ಹತ್ತಿರ ಏನು ಉಳಿದಿರುತ್ತದೆ?

ಇನ್ನೊಂದು ವಿಷಯ. ಬೇರೆಯವರ ಮನಸ್ಸಿನ ಮೇಲೆ ನಿಂತಿರುವುದು ನಿಮ್ಮ ಗುರಿ ಆಗಲಾರದು. ‘ಈ ವರ್ಷ ಇಷ್ಟು ಜನಕ್ಕೆ ದೀಕ್ಷಾಸ್ನಾನ’ ಅಂತ ಬರೆದುಕೊಂಡರೆ ಅದು ದೇವರ ಕೆಲಸ ಮತ್ತು ಆ ಜನರ ತೀರ್ಮಾನ. ಅದನ್ನು ನಿಮ್ಮ ತಲೆ ಮೇಲೆ ಹೊತ್ತುಕೊಂಡರೆ ಸಂಖ್ಯೆ ಬಂದಾಗ ಗರ್ವ, ಬರದಿದ್ದಾಗ ಸಿಟ್ಟು. ಆ ಸಿಟ್ಟು ಮನೆಯಲ್ಲೇ ಇಳಿಯೋದು.

ಪರಮಗೀತದ 1ನೇ ಅಧ್ಯಾಯ 6ನೇ ವಚನದಲ್ಲಿ ಒಬ್ಬ ಹೆಣ್ಣುಮಗಳು ಹೇಳುತ್ತಾಳಲ್ಲ, ನನ್ನನ್ನು ಬೇರೆ ದ್ರಾಕ್ಷಿತೋಟಗಳ ಕಾವಲಿಗೆ ಇಟ್ಟರು, ನನ್ನ ಸ್ವಂತ ತೋಟವನ್ನು ನಾನು ಕಾಯಲಿಲ್ಲ ಅಂತ. ಇಲ್ಲೂ ಪಕ್ಕದ ಚಿಕ್ಕಬಳ್ಳಾಪುರದಲ್ಲೂ ದ್ರಾಕ್ಷಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡ್ಡಿ ಕತ್ತರಿಸುವ ಹೊತ್ತಿನಲ್ಲಿ ನೀವು ಪಕ್ಕದ ತೋಟದಲ್ಲಿದ್ದರೆ ನಿಮ್ಮ ಬಳ್ಳಿ ಎಲೆ ಬಿಡುತ್ತೆ, ಗೊಂಚಲು ಬಿಡಲ್ಲ.

ಒಂದು ವಾರದ ಲೆಕ್ಕ ಬರೆದಿಡಿ

ಗುರಿ ಬರೆಯುವ ಮುಂಚೆ ಒಂದು ವಾರ ನಿಮ್ಮ ಸಮಯ ಎಲ್ಲಿ ಹೋಗುತ್ತಿದೆ ಅಂತ ಡೈರಿಯಲ್ಲಿ ಬರೆಯಿರಿ. ಚಂದಕ್ಕೆ ಬರೆಯಬೇಡಿ, ಇದ್ದಂಗೆ ಬರೆಯಿರಿ. ಮೊಬೈಲ್ ನೋಡಿದ ಹೊತ್ತನ್ನೂ ಸೇರಿಸಿ.

ನಮ್ಮ ಜಿಲ್ಲೆಯಲ್ಲಿ ಇದು ಜಾಸ್ತಿ ಮುಖ್ಯ. ಯಾಕೆಂದರೆ ಇಲ್ಲಿ ಸಭೆಯ ಗಡಿಯಾರ ಪಾಸ್ಟರ್ ಕೈಯಲ್ಲಿಲ್ಲ. 2001ರಲ್ಲಿ ಕೆಜಿಎಫ್ ಗಣಿ ಮುಚ್ಚಿದ ಮೇಲೆ ಅಲ್ಲಿನ ಎಷ್ಟೋ ಮನೆಗಳ ದುಡಿಮೆ ಬೆಂಗಳೂರಿಗೆ ಹೋಯಿತು. ಮಾರಿಕುಪ್ಪಂನಲ್ಲೋ ಬಂಗಾರಪೇಟೆಯಲ್ಲೋ ಬೆಳಗಿನ ಜಾವದ ರೈಲು ಹತ್ತಿದವರು ಮನೆ ಸೇರುವುದು ರಾತ್ರಿಗೆ. ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿಗೆ ಹೋಗುವ ಹುಡುಗ ಹುಡುಗಿಯರದ್ದು ಶಿಫ್ಟ್ ಕೆಲಸ. ಹಳ್ಳಿಗಳಲ್ಲಿ ಹಾಲು ಕರೆದು ಡೇರಿಗೆ ಹಾಕಿ ಬರುವವರೆಗೆ ಯಾರೂ ಕೂತುಕೊಳ್ಳಲ್ಲ. ಟೊಮೆಟೊ ಕೊಯ್ಲು ಇದ್ದರೆ ಮಾರ್ಕೆಟ್ಟಿನ ಗಾಡಿ ಹೋಗುವವರೆಗೂ ಬಿಡುವಿಲ್ಲ. ಹಾಗಾಗಿ ಮನೆ ಪ್ರಾರ್ಥನೆ ಶುರುವಾಗೋದೇ ರಾತ್ರಿ ಎಂಟೂವರೆ, ಒಂಬತ್ತಕ್ಕೆ. ಪ್ರಾರ್ಥನೆ ಮುಗಿದು, ಊಟ ಮಾಡಲೇಬೇಕು ಅಂತ ಹಿಡಿದುಕೊಂಡು, ಬೈಕಲ್ಲಿ ವಾಪಸ್ ಬರುವಾಗ ಹನ್ನೊಂದು ದಾಟಿರುತ್ತದೆ.

ಇಂಥ ವಾರ ಇಟ್ಟುಕೊಂಡು ಪಾಸ್ಟರ್‌ಗಳು ಬರೆಯುವ ಮೊದಲ ಗುರಿ ಯಾವುದು ಹೇಳಿ? ‘ದಿನಾ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಪ್ರಾರ್ಥನೆ.’ ಮೊದಲ ವಾರ ನಡೆಯುತ್ತೆ. ಎರಡನೇ ವಾರ ಪ್ರಾರ್ಥನೆಯಲ್ಲೇ ತೂಕಡಿಕೆ. ಮೂರನೇ ವಾರ ಅಪರಾಧಿ ಭಾವನೆ. ನಾಲ್ಕಕ್ಕೆ ಏಳಬೇಕಾದರೆ ಹತ್ತಕ್ಕಾದರೂ ಮಲಗಬೇಕಲ್ವಾ? ರಾತ್ರಿ ಬದಲಾಗದೆ ಬೆಳಿಗ್ಗೆ ಬದಲಾಗಲ್ಲ. ಡೈರಿ ನೋಡಿ. ನಿಮಗೆ ನಿಜವಾಗಿ ಖಾಲಿ ಸಿಗುವುದು ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆ ಇರಬಹುದು. ಮಕ್ಕಳು ಸ್ಕೂಲಿಗೆ ಹೋಗಿರುತ್ತಾರೆ, ಸಭೆಯವರು ಕೆಲಸದಲ್ಲಿರುತ್ತಾರೆ. ಆ ಹೊತ್ತನ್ನೇ ದೇವರಿಗೆ ಕೊಡಿ. ನಾಲ್ಕು ಗಂಟೆಯ ಪ್ರಾರ್ಥನೆಗೆ ಮಾತ್ರ ಕಿವಿ ಕೊಡುತ್ತೇನೆ ಅಂತ ಆತನೇನೂ ಹೇಳಿಲ್ಲ.

ರಾತ್ರಿ ಕೂಟಗಳಿಗೂ ಒಂದು ಮಿತಿ ಹಾಕಿ. ವಾರಕ್ಕೆ ಮೂರೇ ರಾತ್ರಿ. ಉಳಿದದ್ದಕ್ಕೆ ಸಭಾ ಹಿರಿಯರನ್ನು ಕಳಿಸಿ. ‘ಅಯ್ಯನವರೇ ಬರಬೇಕು’ ಅಂತ ಜನ ಹೇಳ್ತಾರೆ, ನಿಜ. ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನೇ ಕೂತು ಎಲ್ಲರ ನ್ಯಾಯ ತೀರಿಸುತ್ತಿದ್ದ ಮೋಶೆಗೆ ಅವನ ಮಾವ ಬಂದು, ಹೀಗಾದರೆ ನೀನೂ ಸೋತು ಹೋಗ್ತೀಯ, ಜನರೂ ಸೋತು ಹೋಗ್ತಾರೆ ಅಂತ ಬುದ್ಧಿ ಹೇಳಿದ. ವಿಮೋಚನಕಾಂಡ 18ನೇ ಅಧ್ಯಾಯ. ಅದರ ಮೇಲೆ ಪ್ರಸಂಗ ಮಾಡದ ಪಾಸ್ಟರ್ ಇಲ್ಲ. ಹಿರಿಯರಿಗೆ ಕೆಲಸ ಬಿಟ್ಟುಕೊಟ್ಟ ಪಾಸ್ಟರ್‌ಗಳನ್ನು ಹುಡುಕಬೇಕು.

ಪ್ರಸಂಗಕ್ಕೆ ಬೇಡದ ಬೈಬಲ್ ಓದು

ಆತ್ಮಿಕ ಗುರಿಗಳಲ್ಲಿ ನಾನು ಮೊದಲು ಇಡುವುದು ಇದನ್ನೇ. ಪಾಸ್ಟರ್ ಬೈಬಲ್ ತೆರೆದರೆ ಸಾಕು, ಕೈ ಪೆನ್ನಿನ ಕಡೆ ಹೋಗುತ್ತದೆ. ಮೂರು ಅಂಶ, ಒಂದು ಉದಾಹರಣೆ, ಭಾನುವಾರಕ್ಕೆ ರೆಡಿ. ಹಸಿದು ಓದುವುದು ಹೋಗಿ ಬಡಿಸುವುದಕ್ಕೆ ಓದುವುದು ಉಳಿದುಬಿಡುತ್ತದೆ.

ಮಾಡಬೇಕಾದ್ದು ಇಷ್ಟು. ಒಂದು ಬೇರೆ ಬೈಬಲ್ ಇಟ್ಟುಕೊಳ್ಳಿ. ಅದರಲ್ಲಿ ಗೆರೆ ಎಳೆಯಬೇಡಿ, ಬದಿಯಲ್ಲಿ ಬರೆಯಬೇಡಿ. ಅದನ್ನು ಓದುವಾಗ ಮೊಬೈಲ್ ಇನ್ನೊಂದು ರೂಮಿನಲ್ಲಿರಲಿ. ಅಲ್ಲಿ ಓದಿದ್ದನ್ನು ಆ ತಿಂಗಳು ಪುಲ್ಪಿಟ್ಟಿಗೆ ತರಬೇಡಿ, ವಾಟ್ಸಾಪ್ ಸ್ಟೇಟಸ್ಸಿಗೂ ಹಾಕಬೇಡಿ. ಈ ಕೊನೆಯದು ಬಹಳ ಜನಕ್ಕೆ ಆಗಲ್ಲ. ಒಳ್ಳೆಯ ವಚನ ಸಿಕ್ಕ ತಕ್ಷಣ ಹಂಚಬೇಕು ಅನಿಸುತ್ತೆ. ತಡೆದುಕೊಳ್ಳಿ. ಮೊದಲು ನಿಮಗೆ ಇಳಿಯಲಿ.

ಎಲ್ಲಿಂದ ಶುರು ಮಾಡೋದು ಅಂದರೆ ಕೀರ್ತನೆಗಳಿಂದ. 150 ಕೀರ್ತನೆ ಇವೆ. ದಿನಕ್ಕೆ ಐದರಂತೆ ಓದಿದರೆ ಒಂದು ತಿಂಗಳಿಗೆ ಮುಗಿಯುತ್ತದೆ. 119ನೇ ಕೀರ್ತನೆಯಲ್ಲೇ 176 ವಚನ ಇರುವುದರಿಂದ ಅದಕ್ಕೆ ಒಂದು ದಿನ ಪೂರ್ತಿ ಕೊಡಿ, ಲೆಕ್ಕ ಒಂದು ದಿನ ಹೆಚ್ಚುಕಮ್ಮಿ ಆದರೆ ಏನೂ ಆಗಲ್ಲ. ದಿನಕ್ಕೆ ಐದು ಜಾಸ್ತಿ ಅನಿಸಿದರೆ ಎರಡು ಸಾಕು. 88ನೇ ಕೀರ್ತನೆ ಬಂದಾಗ ಬೇಗ ಪುಟ ತಿರುಗಿಸಬೇಡಿ. ಅದು ಸ್ತೋತ್ರದಲ್ಲಿ ಮುಗಿಯಲ್ಲ, ಕತ್ತಲೆಯಲ್ಲೇ ಮುಗಿಯುತ್ತೆ. ಸಭೆಯ ಮುಂದೆ ಯಾವಾಗಲೂ ಜಯ ಜಯ ಅನ್ನಬೇಕಾದ ಪಾಸ್ಟರ್‌ಗೆ ಅಂಥದ್ದೊಂದು ಪ್ರಾರ್ಥನೆ ಬೈಬಲಿನಲ್ಲೇ ಇದೆ ಅನ್ನೋದು ಗೊತ್ತಿರಬೇಕು.

ಇನ್ನೊಂದು ರೀತಿ: ಮಾರ್ಕನ ಸುವಾರ್ತೆ 16 ಅಧ್ಯಾಯ. ಒಂದು ಮಧ್ಯಾಹ್ನ ಕೂತು ಜೋರಾಗಿ ಓದಿದರೆ ಸುಮಾರು ಎರಡು ಗಂಟೆಗೆ ಮುಗಿಯುತ್ತದೆ. ಈಸ್ಟರ್‌ಗೆ ಮುಂಚಿನ ಲೆಂಟ್ ದಿನಗಳಲ್ಲಿ ಒಂದು ಸಲ ಮಾಡಿ ನೋಡಿ.

ಪ್ರಾರ್ಥನೆಯ ಬಗ್ಗೆಯೂ ಒಂದು ಮಾತು. ನಮ್ಮ ಕಡೆ ಎಷ್ಟೋ ಪಾಸ್ಟರ್‌ಗಳು ಪ್ರಸಂಗ ಮಾಡುವುದು ಕನ್ನಡದಲ್ಲಿ, ಮನೆಯಲ್ಲಿ ಮಾತಾಡುವುದು ತೆಲುಗೋ ತಮಿಳೋ. ನಿಮ್ಮ ಒಂಟಿ ಪ್ರಾರ್ಥನೆ ಮನೆಮಾತಿನಲ್ಲಿರಲಿ. ಸಭೆಯಲ್ಲಿ ಮಾಡುವ ಪ್ರಾರ್ಥನೆಯ ಧಾಟಿ, ಏರಿಳಿತ, ರೂಢಿಯ ಮಾತುಗಳು ಅಲ್ಲಿ ಬೇಡ. ಬಾಗಿಲು ಹಾಕಿಕೊಂಡು ಮೈಕಿನಲ್ಲಿ ಮಾತಾಡುವ ಹಾಗೆ ಪ್ರಾರ್ಥಿಸುವವರ ದನಿ ನಮಗೆ ಹೊರಗೆ ಕೇಳಿಸುತ್ತೆ!

ಮತ್ತೆ, ಎರಡು ತಿಂಗಳಿಗೊಮ್ಮೆಯಾದರೂ ಬೇರೆಯವರ ಪ್ರಸಂಗಕ್ಕೆ ಹೋಗಿ ಸುಮ್ನೆ ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಭಾನುವಾರ ಸಂಜೆ ಆರಾಧನೆ ಇರುವ ಚರ್ಚು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ನೀವು ಬಂದಿದ್ದೀರಿ ಅಂತ ಮುಂಚೆ ಹೇಳಬೇಡಿ. ಹೇಳಿದರೆ ಮುಂದೆ ಕರೆದು ಕೂರಿಸಿ ‘ಎರಡು ಮಾತು’ ಹೇಳಿ ಅಂತಾರೆ.

ವಾರಕ್ಕೆ ಒಂದು ದಿನ ಬಿಡುವು, ಅದೂ ಹೇಳಿ ಕೇಳಿ

ಹೆಚ್ಚಿನವರು ಸೋಮವಾರ ಇಟ್ಟುಕೊಳ್ಳುತ್ತಾರೆ. ಇಟ್ಟುಕೊಳ್ಳುತ್ತಾರೆ ಅಷ್ಟೇ, ತೆಗೆದುಕೊಳ್ಳಲ್ಲ. ಸೋಮವಾರ ಬ್ಯಾಂಕ್ ಕೆಲಸ, ಗ್ಯಾಸ್ ಬುಕಿಂಗ್, ಭಾನುವಾರ ಆರಾಧನೆಗೆ ಬಾರದವರ ಮನೆ ಭೇಟಿ. ಸಂಜೆಗೆ ‘ಅಯ್ಯನವರೇ, ಫ್ರೀ ಇದ್ದೀರಾ’ ಅಂತ ಒಂದು ಫೋನು.

ಬರೀ ಮನಸ್ಸಿನಲ್ಲಿ ತೀರ್ಮಾನ ಮಾಡಿದರೆ ಬಿಡುವು ಸಿಗಲ್ಲ. ಹೀಗೆ ಮಾಡಿ.

ಮೊದಲು ಕಮಿಟಿಯಲ್ಲಿ ಕೇಳಿ. ಬೇಡಿಕೊಳ್ಳುವ ಹಾಗೆ ಬೇಡ, ಜಗಳದ ಹಾಗೂ ಬೇಡ. ಮಾರ್ಕ 6ರಲ್ಲಿ, ಊಟ ಮಾಡಲೂ ಬಿಡುವಿಲ್ಲದಷ್ಟು ಜನ ಬರ್ತಾ ಹೋಗ್ತಾ ಇದ್ದಾಗ, ಯೇಸು ಸ್ವಾಮಿಯೇ ಶಿಷ್ಯರನ್ನು ಬೇರೆ ಕಡೆ ಕರೆದುಕೊಂಡು ಹೋಗಿ ದಣಿವಾರಿಸಿಕೊಳ್ಳಿ ಅಂದ. ಅದನ್ನು ಓದಿ, ಆಮೇಲೆ ವಿಷಯಕ್ಕೆ ಬನ್ನಿ. ನಿಮ್ಮ ಹಿರಿಯರಲ್ಲಿ ಯಾರಾದರೂ ‘ನಮಗೂ ರಜೆ ಇಲ್ಲ ಪಾಸ್ಟರ್’ ಅಂತಾರೆ. ಅವರು ಹೇಳೋದರಲ್ಲಿ ತಪ್ಪಿಲ್ಲ. ಕೂಲಿ ಮಾಡುವವರಿಗೆ, ದನ ಸಾಕಿದವರಿಗೆ ರಜೆ ಅನ್ನೋದು ಇಲ್ಲ. ಅವರಿಗೆ ವಿವರಿಸಿ: ನೀವು ಕೆಲಸದ ದಣಿವು ಇಳಿಸೋದಕ್ಕೆ ಭಾನುವಾರ ಚರ್ಚಿಗೆ ಬರ್ತೀರಿ, ನನಗೆ ಭಾನುವಾರವೇ ಕೆಲಸ.

ಒಪ್ಪಿದ ಮೇಲೆ ಭಾನುವಾರದ ಪ್ರಕಟಣೆಯಲ್ಲಿ ಹಿರಿಯರ ಕೈಲಿ ಓದಿಸಿ, ನೀವು ಓದಬೇಡಿ. ಮಾತು ಹೀಗಿರಬಹುದು:

‘ಸಭೆಯವರ ಗಮನಕ್ಕೆ. ನಮ್ಮ ಪಾಸ್ಟರ್ ಪ್ರತಿ ಸೋಮವಾರ ವಿಶ್ರಾಂತಿ ತೆಗೆದುಕೊಳ್ಳುತ್ತಾರೆ. ಆ ದಿನ ಸಾವು, ಅಪಘಾತ, ಆಸ್ಪತ್ರೆಯ ತುರ್ತು ಇದ್ದರೆ ಸಭಾ ಕಾರ್ಯದರ್ಶಿಗೆ ಫೋನ್ ಮಾಡಿ. ಅವರು ಪಾಸ್ಟರ್‌ಗೆ ತಿಳಿಸುತ್ತಾರೆ. ಉಳಿದ ವಿಷಯಗಳಿಗೆ ಮಂಗಳವಾರ ಮಾತಾಡಬಹುದು.’

ಇದರಲ್ಲಿ ಮುಖ್ಯವಾದದ್ದು ನಡುವೆ ಇರುವ ಕಾರ್ಯದರ್ಶಿ. ತುರ್ತು ಯಾವುದು, ಮಂಗಳವಾರದವರೆಗೆ ಕಾಯುವುದು ಯಾವುದು ಅಂತ ಅವರು ಬೇರ್ಪಡಿಸುತ್ತಾರೆ. ಆ ದಿನ ನಿಮ್ಮ ಫೋನ್ ಹೆಂಡತಿ ಕೈಗೆ ಕೊಡಬೇಡಿ. ಕೊಟ್ಟರೆ ನಿಮಗೆ ರಜೆ, ನಮಗೆ ಡ್ಯೂಟಿ. ಸೋಮವಾರ ಮಣ್ಣಿಗೆ ಹೋಗಬೇಕಾಗಿ ಬಂದರೆ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ವಾರವೇ ಇನ್ನೊಂದು ಅರ್ಧ ದಿನ ಹಿಡಿದು ಬರೆದುಕೊಳ್ಳಿ.

ಬಿಡುವಿನ ದಿನ ಏನು ಮಾಡೋದು ಅಂತ ಗೊತ್ತಿಲ್ಲದ ಪಾಸ್ಟರ್‌ಗಳೂ ಇದ್ದಾರೆ. ಕೆರೆ ಏರಿ ಮೇಲೆ ನಡೆಯಿರಿ. ಅಂತರಗಂಗೆ ಬೆಟ್ಟದ ಕಡೆ ಬೆಳಿಗ್ಗೆ ಹೊತ್ತೇ ಹೋಗಿ ಬನ್ನಿ. ಗಿಡಕ್ಕೆ ನೀರು ಹಾಕಿ. ಮಧ್ಯಾಹ್ನ ಮಲಗಿ. ಕ್ರಿಕೆಟ್ ನೋಡಿದರೆ ಅಭಿಷೇಕ ಹೋಗಲ್ಲ.

ಮೈ ಕಡೆ ನೋಡಿಕೊಳ್ಳಿ

ಇಟಿಸಿಎಂ, ಎಸ್‌ಎನ್‌ಆರ್, ಟಮಕದ ಜಾಲಪ್ಪ ಆಸ್ಪತ್ರೆ. ಮೂರರ ವಾರ್ಡುಗಳೂ ಕೋಲಾರದ ಪಾಸ್ಟರ್‌ಗಳಿಗೆ ಕಣ್ಣುಮುಚ್ಚಿಕೊಂಡು ಹೋಗುವಷ್ಟು ಗೊತ್ತು. ಅಷ್ಟು ಸಲ ಹೋಗಿ ಬಂದವರಲ್ಲಿ ತಮ್ಮ ಬಿಪಿ ಒಮ್ಮೆ ನೋಡಿಸಿಕೊಂಡವರು ಎಷ್ಟು ಜನ? ಮೊದಲ ಗುರಿ ಇದೇ ಇರಲಿ. ಮುಂದಿನ ಸಲ ರೋಗಿಗಾಗಿ ಪ್ರಾರ್ಥನೆ ಮಾಡಲು ಹೋದಾಗ ನಿಮ್ಮದೂ ಬಿಪಿ, ಶುಗರ್ ಮಾಡಿಸಿಕೊಂಡು ಬನ್ನಿ. ಬಿಪಿ 140/90 ದಾಟಿದ್ದರೆ, ಖಾಲಿ ಹೊಟ್ಟೆಯ ಶುಗರ್ 126 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರ್ ಹತ್ತಿರ ಕೂತು ಮಾತಾಡಬೇಕು. ಒಂದೇ ಸಲದ ನಂಬರ್ ನೋಡಿ ಹೆದರುವುದೂ ಬೇಡ, ‘ಕರ್ತನು ನೋಡಿಕೊಳ್ತಾನೆ’ ಅಂತ ಚೀಟಿಯನ್ನು ಬೈಬಲ್ ಒಳಗೆ ಇಡುವುದೂ ಬೇಡ.

ಮನೆ ಭೇಟಿ ಅಂದರೆ ಟೀ. ಒಂದು ಸಂಜೆಗೆ ನಾಲ್ಕು ಮನೆ ಹೋದರೆ ನಾಲ್ಕು ಲೋಟ, ಲೋಟಕ್ಕೆ ಕೈ ತುಂಬಾ ಸಕ್ಕರೆ, ಜೊತೆಗೆ ತಟ್ಟೆ ತುಂಬಾ ಬಿಸ್ಕತ್ತು, ಮಿಕ್ಸ್ಚರ್. ಬೇಡ ಅಂದರೆ ‘ನಮ್ಮ ಮನೆಯಲ್ಲಿ ಕುಡಿಯಲ್ವಾ ಅಯ್ಯನವರೇ’ ಅಂತ ಮುಖ ಸಣ್ಣದಾಗುತ್ತೆ. ನಮ್ಮ ಊರುಗಳಲ್ಲಿ ಆ ಮಾತಿಗೆ ಹಳೆಯ ನೋವಿದೆ. ಯಾರ ಮನೆ ಲೋಟ ಯಾರು ಮುಟ್ಟಲಿಲ್ಲ ಅನ್ನೋದು ಇಲ್ಲಿ ಇನ್ನೂ ಮರೆತ ವಿಷಯ ಅಲ್ಲ. ಅದಕ್ಕೇ ಪಾಸ್ಟರ್ ಬೇಡ ಅನ್ನಲಾರರು. ಹಾಗಾಗಿ ಬೇಡ ಅನ್ನಬೇಡಿ, ಬೇರೆ ಏನಾದರೂ ಕೇಳಿ. ‘ಅಕ್ಕಾ, ಒಂದು ಲೋಟ ಮಜ್ಜಿಗೆ ಕೊಡಿ’ ಅಥವಾ ‘ನೀರು ಕೊಡಿ, ಟೀ ಆಗಲೇ ಆಯಿತು’. ನೀವಾಗಿಯೇ ಕೇಳಿ ಕುಡಿದರೆ ಯಾರಿಗೂ ಬೇಜಾರಾಗಲ್ಲ. ಪಾಸ್ಟರ್‌ಗೆ ಶುಗರ್ ಇದೆ ಅಂತ ಒಬ್ಬ ಅಜ್ಜಿಗೆ ಗೊತ್ತಾದರೆ ಸಾಕು, ಇಡೀ ಸಭೆಗೆ ಗೊತ್ತಾಗುತ್ತೆ. ಆಮೇಲೆ ಮುದ್ದೆ, ಬಸ್ಸಾರು ಅವರೇ ಮಾಡಿಡ್ತಾರೆ.

ಉಪವಾಸದ ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಶುಗರ್ ಮಾತ್ರೆ ತೆಗೆದುಕೊಳ್ಳುವವರು, ಇನ್ಸುಲಿನ್ ಹಾಕಿಕೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸ ಕೂರಬಾರದು. ಶುಗರ್ ಒಮ್ಮೆಲೇ ಇಳಿದರೆ ಕೈ ನಡುಗುತ್ತೆ, ಬೆವರು ಬರುತ್ತೆ, ತಲೆ ಸುತ್ತಿ ಬೀಳಬಹುದು. ಅದನ್ನು ಆತ್ಮದ ಕಾರ್ಯ ಅಂತ ತಪ್ಪಾಗಿ ತಿಳಿಯಬೇಡಿ. ಊಟ ಬಿಡಲಾಗದವರು ಫೋನ್ ಬಿಡಿ, ಟಿವಿ ಬಿಡಿ, ಒಂದು ದಿನ ಬೇರೆಯವರ ಮೇಲೆ ದೂರು ಹೇಳುವುದನ್ನು ಬಿಡಿ. ಕೊನೆಯದು ನಲವತ್ತು ದಿನದ ಉಪವಾಸಕ್ಕಿಂತ ಕಷ್ಟ.

ಸಾಯುವುದೇ ಮೇಲು ಅಂತ ಗಿಡದ ಕೆಳಗೆ ಬಿದ್ದಿದ್ದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ, ನೀರು. ತಿಂದು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ಇನ್ನೊಂದು ಸಲ ತಿನ್ನಿಸಿದ. ಇಲ್ಲೇನು ಮಾಡ್ತಿದ್ದೀಯ ಅಂತ ದೇವರು ಕೇಳಿದ್ದು ಅದೆಲ್ಲಾ ಆಗಿ, ಹೋರೇಬಿಗೆ ಮುಟ್ಟಿದ ಮೇಲೆ. 1 ಅರಸುಗಳು 19ನೇ ಅಧ್ಯಾಯವನ್ನು ಹೊಟ್ಟೆ ಮತ್ತು ನಿದ್ದೆಯ ಲೆಕ್ಕದಲ್ಲಿ ಒಮ್ಮೆ ಓದಿ.

ಹೆಲ್ಮೆಟ್ ಹಾಕಿಕೊಳ್ಳಿ. ರಾತ್ರಿ ಹೈವೇ ಮೇಲೆ ಲಾರಿಗಳ ಓಡಾಟ ನಿಮಗೇ ಗೊತ್ತು. ಗಂಟಲು ಕಟ್ಟಿದಾಗ ಮೈಕ್ ವಾಲ್ಯೂಮ್ ಏರಿಸಿ, ದನಿ ಏರಿಸಬೇಡಿ.

ಮನೆಯ ಗುರಿ ಮನೆಯವರ ಜೊತೆ ಬರೆಯಿರಿ

ಇಲ್ಲಿ ನಾನು ಪಕ್ಷಪಾತಿ, ಮೊದಲೇ ಹೇಳಿಬಿಡ್ತೀನಿ.

ಮನೆಗೆ ಸಂಬಂಧಿಸಿದ ಗುರಿಯನ್ನು ಪಾಸ್ಟರ್ ಒಬ್ಬರೇ ಬರೆದರೆ ಅದು ‘ದಿನಾ ಕುಟುಂಬ ಪ್ರಾರ್ಥನೆ’ ಅಂತಿರುತ್ತದೆ. ಮಕ್ಕಳನ್ನು ಕೇಳಿದರೆ ಬೇರೆ ಬರುತ್ತದೆ. ‘ಅಪ್ಪ ಸ್ಕೂಲ್ ಡೇಗೆ ಬರಲಿ.’ ‘ಊಟ ಮಾಡುವಾಗ ಫೋನ್ ಎತ್ತಬಾರದು.’ ‘ಪ್ರಸಂಗದಲ್ಲಿ ನನ್ನ ವಿಷಯ ಹೇಳಬಾರದು.’ ಮೂರನೆಯದನ್ನು ನಮ್ಮ ಕಡೆಯ ಪಾಸ್ಟರ್ ಮಕ್ಕಳೆಲ್ಲಾ ಸೇರಿ ಅರ್ಜಿ ಕೊಟ್ಟರೂ ಕೊಡಬಹುದು. ಹತ್ತನೇ ಕ್ಲಾಸಿನ ಹುಡುಗ ಗಣಿತದಲ್ಲಿ ಫೇಲಾದದ್ದು ನಂಬಿಕೆಯ ಪ್ರಸಂಗಕ್ಕೆ ಚಂದದ ಉದಾಹರಣೆ. ಸೋಮವಾರ ಟ್ಯೂಷನ್ನಿನಲ್ಲಿ ಅವನ ಪಕ್ಕ ಕೂರುವುದು ಅದೇ ಪ್ರಸಂಗ ಕೇಳಿದ ಹುಡುಗಿ. ಅಷ್ಟು ಯೋಚನೆ ಮಾಡಿ. ಮನೆಯ ಕಥೆ ಹೇಳಬೇಕಾದರೆ ಮನೆಯವರನ್ನು ಕೇಳಿ ಹೇಳುವುದು ಅಂತ ಒಂದು ಗುರಿ ಇಟ್ಟುಕೊಳ್ಳಿ.

ಹೆಂಡತಿಗೂ ಒಂದು ಪ್ರಶ್ನೆ ಕೇಳಿ: ಸಭೆಯ ಕೆಲಸದಲ್ಲಿ ನಿನಗೆ ಇಷ್ಟವಾದದ್ದು ಯಾವುದು, ಬಲವಂತಕ್ಕೆ ಮಾಡ್ತಿರೋದು ಯಾವುದು? ಪಾಸ್ಟರ್ ಹೆಂಡತಿ ಅಂದ ತಕ್ಷಣ ಸಂಡೇ ಸ್ಕೂಲ್, ಸ್ತ್ರೀಯರ ಕೂಟ, ಕ್ವಾಯರ್, ಬಂದವರಿಗೆ ಅಡುಗೆ ಎಲ್ಲಾ ಒಬ್ಬಳದ್ದೇ ಅಂತ ಎಲ್ಲೂ ಬರೆದಿಲ್ಲ. ಉತ್ತರ ಕೇಳಿಸಿಕೊಂಡು ಒಂದಾದರೂ ಕೆಲಸ ಕಮ್ಮಿ ಮಾಡಿಸಿ. ಹೆಂಗಸರೇ ಪಾಸ್ಟರ್ ಆಗಿರುವ ಕಡೆ ಗಂಡಂದಿರನ್ನು ಇಷ್ಟೆಲ್ಲಾ ಯಾರೂ ಕೇಳಲ್ಲ, ಗಮನಿಸಿದ್ದೀರಾ?

ದುಡ್ಡು: ಬೇಗ ಮುಗಿಸೋಣ, ಆದರೆ ಬಿಡೋದು ಬೇಡ

ಸಭೆಯ ಕಾಣಿಕೆ ನಿಮ್ಮ ಸ್ವಂತ ನಂಬರಿನ ಕ್ಯೂಆರ್ ಕೋಡಿಗೆ ಬರುತ್ತಿದ್ದರೆ ಈ ತಿಂಗಳೇ ನಿಲ್ಲಿಸಿ. ಟ್ರಸ್ಟ್ ಅಥವಾ ಸೊಸೈಟಿ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಸಿ, ಇಬ್ಬರ ಸಹಿ ಇಡಿಸಿ, ಕೋಡ್ ಅದಕ್ಕೆ ಬದಲಾಯಿಸಿ. ನೀವು ಒಂದು ರೂಪಾಯಿ ಮುಟ್ಟದಿದ್ದರೂ ಅನುಮಾನಕ್ಕೆ ಜಾಗ ಉಳಿಯುತ್ತೆ. ರಾತ್ರಿ ನಿದ್ದೆ ಕೆಡೋದಕ್ಕೆ ಅಷ್ಟು ಸಾಕು.

ಪಾರ್ಸನೇಜಿನಲ್ಲಿ, ಅಂದರೆ ಸಭೆ ಕೊಟ್ಟ ಮನೆಯಲ್ಲಿ, ಇರುವವರು ನಿವೃತ್ತಿಯಾದ ಮೇಲೆ ಎಲ್ಲಿ ಇರುವುದು ಅಂತ ಐವತ್ತಕ್ಕೆ ಮುಂಚೆಯೇ ಮಾತಾಡಿಕೊಳ್ಳಬೇಕು. ಪೆನ್ಷನ್ ಇಲ್ಲದ ಸ್ವತಂತ್ರ ಸಭೆಯವರು, ವಯಸ್ಸು 18ರಿಂದ 40ರೊಳಗಿದ್ದು ಆದಾಯ ತೆರಿಗೆ ಕಟ್ಟದವರಾದರೆ, ಅಟಲ್ ಪೆನ್ಷನ್ ಯೋಜನೆಗೆ ಸೇರಬಹುದು. ಕಟ್ಟುವ ಕಂತಿನ ಮೇಲೆ, 60 ಆದ ನಂತರ ತಿಂಗಳಿಗೆ 1,000ದಿಂದ 5,000 ರೂಪಾಯಿ ಬರುತ್ತದೆ. ಪೋಸ್ಟ್ ಆಫೀಸಿನ ಪಿಪಿಎಫ್ ಖಾತೆಗೆ ವರ್ಷಕ್ಕೆ ಕನಿಷ್ಠ 500 ರೂಪಾಯಿ ಹಾಕಿದರೂ ನಡೆಯುತ್ತದೆ, ಗರಿಷ್ಠ 1.5 ಲಕ್ಷ, ಅವಧಿ 15 ವರ್ಷ. ಆಸ್ಪತ್ರೆ ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಮಾಡಿಸಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ಅದೂ 1.5 ಲಕ್ಷದವರೆಗೆ. ಸಭೆಯ ಬಡವರಿಗೆಲ್ಲಾ ಈ ಕಾರ್ಡ್ ಮಾಡಿಸಿಕೊಟ್ಟು ತಮಗೆ ಮಾಡಿಸಿಕೊಳ್ಳದವರೂ ಇದ್ದಾರೆ.

ನಿಮ್ಮ ಮಾತು ಕೇಳಲು ಒಬ್ಬರು

ಪಾಸ್ಟರ್ ಎಲ್ಲರ ಕಷ್ಟ ಕೇಳುತ್ತಾರೆ. ಪಾಸ್ಟರ್ ಕಷ್ಟ ಕೇಳುವವರು? ಹೆಂಡತಿ ಅಂತೀರಿ. ಎಲ್ಲವನ್ನೂ ನಮ್ಮ ಮೇಲೇ ಹಾಕಬೇಡಿ. ಯಾರ ಮನೆಯ ಗುಟ್ಟು ಏನು ಅಂತ ಗೊತ್ತಾದ ಮೇಲೆ ನಾವು ಅವರ ಪಕ್ಕದಲ್ಲೇ ಕೂತು ಹಾಡಬೇಕು.

ಬೇರೆ ಊರಿನ, ಬೇರೆ ಪಂಗಡದ ಒಬ್ಬ ಪಾಸ್ಟರನ್ನು ಹುಡುಕಿಕೊಳ್ಳಿ. ಒಂದೇ ಡಯಾಸಿಸ್ಸಿನವರಾದರೆ (ಒಬ್ಬ ಬಿಷಪ್ ಕೈಕೆಳಗಿನವರಾದರೆ) ಮಾತು ಟ್ರಾನ್ಸ್‌ಫರ್, ಎಲೆಕ್ಷನ್ ಕಡೆ ಹೋಗುತ್ತದೆ. ಒಂದೇ ಊರಿನವರಾದರೆ ‘ನಮ್ಮ ವಿಶ್ವಾಸಿಗಳು ನಿಮ್ಮಲ್ಲಿಗೆ ಬಂದರಲ್ಲ’ ಅನ್ನೋ ಮುನಿಸು ಒಳಗೆ ಇರುತ್ತದೆ. ತಿಂಗಳಿಗೊಮ್ಮೆ ಬಂಗಾರಪೇಟೆಯಲ್ಲೋ ಮಾಲೂರಿನಲ್ಲೋ ಒಂದು ಹೋಟೆಲಿನಲ್ಲಿ ದೋಸೆ ತಿನ್ನುತ್ತಾ ಕೂತು ಈ ನಾಲ್ಕು ಕೇಳಿಕೊಳ್ಳಿ: ನಿದ್ದೆ ಹೇಗಿದೆ? ಮನೆಯಲ್ಲಿ ಯಾವ ವಿಷಯಕ್ಕೆ ಜಗಳ ಆಯಿತು? ಪ್ರಸಂಗಕ್ಕಲ್ಲದೆ ಕೊನೆಯ ಸಲ ಪ್ರಾರ್ಥಿಸಿದ್ದು ಯಾವಾಗ? ಯಾರಿಗೂ ತೋರಿಸಲಾಗದ್ದು ಏನಾದರೂ ಫೋನಿನಲ್ಲಿ ಇದೆಯಾ? ನಾಲ್ಕನೆಯದಕ್ಕೆ ಮೌನ ಆದರೆ ಬೇರೆ ಮಾತಿಗೆ ಹಾರಬೇಡಿ, ಕಾಯಿರಿ.

ಎರಡು ವಾರ ಕಳೆದರೂ ಏನೂ ಬೇಡ ಅನಿಸುತ್ತಿದ್ದರೆ, ನಿದ್ದೆ ಪೂರ್ತಿ ಕೆಟ್ಟಿದ್ದರೆ, ಬದುಕೇ ಸಾಕು ಅನ್ನೋ ಯೋಚನೆ ಬಂದರೆ ಗೆಳೆಯನ ಹತ್ತಿರ ಮಾತಾಡಿದ್ದು ಸಾಲದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ನಮಗೆ ದೂರವೇನೂ ಅಲ್ಲ. ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಮ್ಮಿ ಅಂತ ಯಾರಾದರೂ ಅಂದರೆ, ಅವರು ಬಿಪಿ ಮಾತ್ರೆ ನುಂಗುತ್ತಾರಾ ಅಂತ ಕೇಳಿ.

ಈಗ ಬರೆಯಿರಿ

ಇಷ್ಟೆಲ್ಲಾ ಓದಿ ಹತ್ತು ಗುರಿ ಬರೆದುಕೊಳ್ಳಬೇಡಿ. ಮೂರು ಸಾಕು. ಒಂದು ಆತ್ಮಿಕ, ಒಂದು ಮೈಗೆ ಅಥವಾ ದುಡ್ಡಿಗೆ ಸೇರಿದ್ದು, ಒಂದು ಮನೆಯದ್ದು. ‘ಇನ್ನೂ ಹೆಚ್ಚು ಪ್ರಾರ್ಥಿಸುವುದು’ ಅಂತ ಬರೆದರೆ ಆಯಿತೋ ಇಲ್ಲವೋ ಯಾರಿಗೆ ಗೊತ್ತಾಗುತ್ತೆ? ‘ಮಂಗಳವಾರದಿಂದ ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆ, ಎರಡು ಕೀರ್ತನೆ, ಫೋನ್ ಇಲ್ಲದೆ’ ಅಂತ ಬರೆಯಿರಿ. ‘ಆರೋಗ್ಯ ನೋಡಿಕೊಳ್ಳುವುದು’ ಬೇಡ. ‘ಮನೆ ಭೇಟಿಯಲ್ಲಿ ಸಂಜೆಗೆ ಒಂದೇ ಟೀ, ವಾರಕ್ಕೆ ನಾಲ್ಕು ದಿನ ಅರ್ಧ ಗಂಟೆ ನಡಿಗೆ’ ಅಂತಿರಲಿ.

ಹೊಸ ವರ್ಷಕ್ಕೇ ಶುರು ಮಾಡಬೇಕು ಅಂತೇನಿಲ್ಲ. ಡಿಸೆಂಬರ್ ಪೂರ್ತಿ ಕ್ಯಾರಲ್ಸ್, ಚಳಿಯಲ್ಲಿ ಮನೆ ಮನೆ ತಿರುಗಾಟ, ಕ್ರಿಸ್‌ಮಸ್ ಕಾರ್ಯಕ್ರಮ. ಜನವರಿ ಮೊದಲ ವಾರಕ್ಕೆ ಪಾಸ್ಟರ್ ಗಂಟಲೂ ಇರಲ್ಲ, ಜೀವವೂ ಇರಲ್ಲ. ನನ್ನನ್ನು ಕೇಳಿದರೆ ಈಸ್ಟರ್ ಮುಗಿದ ಮೇಲಿನ ವಾರ ಒಳ್ಳೆಯದು. ಆಮೇಲೆ ಕೊಯಿಲಿನ ಹಬ್ಬ ಮುಗಿದಾಗ ಒಮ್ಮೆ, ಕ್ರಿಸ್‌ಮಸ್‌ಗೆ ಮುಂಚಿನ ಅಡ್ವೆಂಟ್ ವಾರಗಳು ಶುರುವಾಗುವ ಮುಂಚೆ ಒಮ್ಮೆ ತೆಗೆದು ನೋಡಿ. ನಡೆಯುತ್ತಿರುವ ಗುರಿಯನ್ನು ಹಾಗೇ ಬಿಡಿ, ದೊಡ್ಡದು ಮಾಡಲು ಹೋಗಬೇಡಿ. ನಡೆಯದಿದ್ದರೆ ಅರ್ಧಕ್ಕೆ ಇಳಿಸಿ. ಎರಡು ಸಲ ಇಳಿಸಿದ ಮೇಲೂ ಆಗದಿದ್ದರೆ ಅಳಿಸಿ ಬೇರೆ ಬರೆಯಿರಿ, ಅದಕ್ಕೆ ಪಶ್ಚಾತ್ತಾಪದ ಪ್ರಾರ್ಥನೆ ಬೇಕಾಗಿಲ್ಲ.

ಆ ಹಾಳೆಯನ್ನು ಬೀರುವಿನ ಬಾಗಿಲ ಒಳಮೈಗೆ ಅಂಟಿಸಿ. ಪುಲ್ಪಿಟ್ಟಿನಲ್ಲಿ ಸಾಕ್ಷಿ ಹೇಳಬೇಡಿ, ಗ್ರೂಪಿಗೆ ಫೋಟೋ ಹಾಕಬೇಡಿ. ಮನೆಯವರಿಗೆ, ಆ ಗೆಳೆಯನಿಗೆ, ಡಾಕ್ಟರಿಗೆ ಗೊತ್ತಿದ್ದರೆ ಸಾಕು.